ಮೂಲಪ್ರತಿ ಯಾವುದು?

ಕೊಯ್ಲು ಮುಗಿದ ಮೇಲೆ ಕೊಡಗಿನ ಗದ್ದೆಗಳಿಗೆ ಈಗ ಹೊಸದೊಂದು ಉಪಯೋಗ ಬಂದಿದೆ. ಗೋಣಿಕೊಪ್ಪ, ವಿರಾಜಪೇಟೆಗಳ ಕಡೆ ಅಲ್ಲಿ ಜೀಪುಗಳ ಪಂದ್ಯ ನಡೆಯುವುದುಂಟು. ಈಚೆಗೆ ಅಂಥದೊಂದನ್ನು ನೋಡಲು ಹೋಗಿದ್ದೆ. ಕನ್ನಡ ಮೇಷ್ಟರಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವಿರಲಿಲ್ಲ, ಮಿತ್ರರು ಎಳೆದೊಯ್ದರು.

ನನ್ನ ಕಣ್ಣೆದುರಿಗೇ ಹಳೆಯ ವಿಲ್ಲಿಸ್ ಜೀಪೊಂದು ಬದುವಿಗೆ ಹತ್ತಿ ಮಗುಚಿಕೊಂಡಿತು. ಓಡಿಸುತ್ತಿದ್ದ ಹುಡುಗ ನಗುತ್ತಲೇ ಎದ್ದುಬಂದ. ಮಡ್‌ಗಾರ್ಡು ಮಾತ್ರ ನಜ್ಜುಗುಜ್ಜಾಗಿತ್ತು. "ಅಯ್ಯೋ, ಇಂಥ ಹಳೆಯ ಗಾಡಿ!" ಎಂದೆ. ಅದರ ಯಜಮಾನರು ವಯಸ್ಸಾದವರು. "ಯಾವುದು ಹಳೆಯದು ಮೇಷ್ಟ್ರೇ? ನಮ್ಮ ತಂದೆ ತಂದಾಗ ಪೆಟ್ರೋಲ್ ಎಂಜಿನ್ ಇತ್ತು. ಈಗಿರುವುದು ಡೀಸೆಲ್. ಗೇರ್‌ಬಾಕ್ಸು ಬೇರೆ. ಬಾಡಿ ಎರಡು ಸಲ ಬದಲಾಯಿತು. ಆದರೂ ಇದು ಅಪ್ಪನ ಜೀಪೇ" ಎಂದರು. ಪಕ್ಕದಲ್ಲಿದ್ದ ತರುಣನೊಬ್ಬ ಒಪ್ಪಲಿಲ್ಲ. ಎಂಜಿನ್ ಹೋದ ದಿನವೇ ಒರಿಜಿನಲ್ ಹೋಯಿತೆಂದು ಅವನ ವಾದ.

ಇದೇ ವಾದ ಒಮ್ಮೆ ಲಂಡನ್ನಿನ ಹೈಕೋರ್ಟಿನವರೆಗೂ ಹೋಗಿತ್ತು. 'ಓಲ್ಡ್ ನಂಬರ್ ಒನ್' ಎಂದು ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು ಲ ಮಾನ್ ಪಂದ್ಯವನ್ನು ಎರಡು ಸಲ ಗೆದ್ದಿತು: 1929ರಲ್ಲಿ ಬರ್ನಾಟೊ ಮತ್ತು ಬರ್ಕಿನ್, 1930ರಲ್ಲಿ ಬರ್ನಾಟೊ ಮತ್ತು ಕಿಡ್‌ಸ್ಟನ್ ಅದನ್ನು ಓಡಿಸಿದರು. ಅನಂತರ ಅದಕ್ಕೆ ಎಂಟು ಲೀಟರಿನ ಎಂಜಿನ್ ಬಂತು, ಬೇರೆ ಮೈ ಬಂತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ಪಂದ್ಯದಲ್ಲಿ ಅದು ಇಳಿಜಾರಾದ ಪಥದ ಮೇಲಂಚನ್ನು ದಾಟಿ ಹಾರಿಹೋಯಿತು. ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತ. ಬರ್ನಾಟೊ ಮತ್ತೆ ಕಟ್ಟಿಸಿದ. ಬಹುಕಾಲದ ಮೇಲೆ ಹಬ್ಬರ್ಡ್ ಎಂಬವನು ಅದನ್ನು ಸುಮಾರು ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡ. ಕೊಳ್ಳುವವರು, ಇದು ಆ ಕಾರೇ ಅಲ್ಲವೆಂದು ಹಿಂದೆಗೆದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ಹಬ್ಬರ್ಡನ ಪರವಾಗಿ ತೀರ್ಪಿತ್ತರು. 1929ರ ಲೋಹ ಹೆಚ್ಚುಕಡಮೆ ಏನೂ ಉಳಿದಿಲ್ಲ, ಆದ್ದರಿಂದ 'ಮೂಲ' ಎನ್ನಲಾಗದು; ಆದರೆ ಚರಿತ್ರೆಯ ಎಳೆ ಎಲ್ಲೂ ಕಡಿದಿಲ್ಲ, ಆ ಹೆಸರಿಗೆ ಇನ್ನೊಬ್ಬ ಹಕ್ಕುದಾರನೂ ಇಲ್ಲ, ಆದ್ದರಿಂದ ಇದು ನಿಜವಾದ ಓಲ್ಡ್ ನಂಬರ್ ಒನ್ ಎಂಬುದು ಅವರ ನಿರ್ಣಯದ ಸಾರ.

ಗ್ರಂಥಸಂಪಾದನೆಯನ್ನು ಪಾಠ ಹೇಳುವವನಿಗೆ ಈ ಮಾತು ಹೊಸದಲ್ಲ. ಪಂಪ ತನ್ನ ಕೈಯಾರೆ ಬರೆದ ಓಲೆ ಯಾರ ಬಳಿಯೂ ಇಲ್ಲ. ರೈಸ್ ಸಾಹೇಬರು 1898ರಲ್ಲಿ ಅಚ್ಚು ಹಾಕಿಸಿದ ಪಂಪಭಾರತ ಪ್ರತಿಯ ಪ್ರತಿಯಿಂದ ಬಂದದ್ದು. ಓಲೆ ಮುರಿದಂತೆ ಹೊಸ ಓಲೆ; ಆದರೂ ಅದು ಪಂಪನದೇ. ಕೊಡಗಿನಲ್ಲೇ ನೋಡಿ. ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ'ಯನ್ನು 1924ರಲ್ಲಿ ಪ್ರಕಟಿಸುವವರೆಗೆ ಆ ಹಾಡುಗಳಿಗೆ ಹಾಡುವವರ ನಾಲಗೆಯೇ ಚಾಸಿ. ದುಡಿ ಬಡಿದು ಹಾಡಿದಾಗಲೆಲ್ಲ ಒಂದು ಮಾತು ಬಿದ್ದಿರಬಹುದು, ಒಂದು ಸೇರಿರಬಹುದು. ಹಾಡದೆ ಇಟ್ಟಿದ್ದರೆ ಚಿಣ್ಣಪ್ಪನವರಿಗೆ ಬರೆದುಕೊಳ್ಳಲು ಏನೂ ಸಿಕ್ಕುತ್ತಿರಲಿಲ್ಲ. ಹಳೆಯ ಪಂದ್ಯದ ಕಾರುಗಳನ್ನು ಓಡಿಸಲೇಬಾರದು, ಗಾಜಿನ ಮನೆಯಲ್ಲಿ ಇಡಬೇಕು ಎನ್ನುವವರ ಮಾತು ಆದ್ದರಿಂದಲೇ ನನಗೆ ಪೂರ್ತಿ ರುಚಿಸದು.

ಹಾಗೆಂದು ನಾನು ಆಟನ್ನರ ತೀರ್ಪಿನಿಂದ ಪೂರ್ಣ ತೃಪ್ತನಲ್ಲ. ಹೆಸರು ಯಾರದೆಂದು ಅವರು ಹೇಳಿದರು. ನ್ಯಾಯಾಲಯದ ಕೆಲಸ ಅಷ್ಟೇ ಎನ್ನಿ. ವಿಮರ್ಶಕನಿಗೆ ಅದು ಸಾಲದು. ಯಾವ ಸಾಲು ಕವಿಯದು, ಯಾವುದು ಲಿಪಿಕಾರನದು, ಯಾವುದು ಸಂಪಾದಕನ ಊಹೆ ಎಂದು ಅವನಿಗೆ ಬೇಕು. ನಾವು ಊಹಿಸಿದ ಅಕ್ಷರವನ್ನು ಕಂಸದೊಳಗೆ ಹಾಕುತ್ತೇವೆ, ಪಾಠಾಂತರವನ್ನು ಅಡಿಯಲ್ಲಿ ಕೊಡುತ್ತೇವೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದೂ ಹೆಚ್ಚುಕಡಮೆ ಇದನ್ನೇ ಕೇಳುತ್ತದೆ: ಬದಲಿಸಿದ ಭಾಗಕ್ಕೆ ಅಳಿಯದ ಗುರುತಿರಲಿ, ಮಾಡಿದ ಕೆಲಸಕ್ಕೆ ದಾಖಲೆಯಿರಲಿ. ಗುರುತಿಲ್ಲದೆ ಹೊಸ ತಗಡಿಗೆ ಹಳೆಯ ಬಣ್ಣ ಬಳಿಯುವುದು ಪ್ರಕ್ಷಿಪ್ತ ಪದ್ಯವನ್ನು ಪಂಪನ ತಲೆಗೆ ಕಟ್ಟಿದ ಹಾಗೆ. ಕೋಟಿಗಟ್ಟಲೆ ಬೆಲೆಯಿರುವಲ್ಲಿ ಆ ಆಸೆ ಸಣ್ಣದಲ್ಲ. ಒಂದೇ ಚಾಸಿ ನಂಬರನ್ನು ಹೇಳಿಕೊಳ್ಳುವ ಎರಡು ಕಾರುಗಳು ಎದುರುಬದುರು ನಿಂತದ್ದೂ ಉಂಟು.

ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ಗೆದ್ದ ವರ್ಷದ ರೂಪಕ್ಕೇ ಕಾರನ್ನು ಒಯ್ಯಬೇಕೆಂಬ ಹಂಬಲ ಎಲ್ಲರಿಗೂ. 1929 ಮೂಲವಾದರೆ 1932 ಏನು? ಡನ್‌ಫೀ ಸತ್ತದ್ದು ಪಾಠಾಂತರವೇ? ಅಪಘಾತವನ್ನು ಒರೆಸಿ ವಿಜಯವನ್ನಷ್ಟೇ ಹೊಳಪು ಮಾಡಿದ ಕಾರು ಎಷ್ಟು ಚೆಂದವಿದ್ದರೂ ಸುಳ್ಳು ಹೇಳುತ್ತದೆ.

ಸಂಜೆ ಹೊರಡುವಾಗ ಯಜಮಾನರು ಮಡ್‌ಗಾರ್ಡಿನ ಮೇಲೆ ಕೈಯಾಡಿಸುತ್ತಿದ್ದರು. ಬದಲಾಯಿಸುತ್ತೀರಾ ಎಂದು ಕೇಳಿದೆ. ಇಲ್ಲ, ಬಡಿದು ನೆಟ್ಟಗೆ ಮಾಡಿಸುತ್ತೇನೆ, ಗೆರೆ ಉಳಿದರೆ ಉಳಿಯಲಿ ಎಂದರು. ಎಂಜಿನ್ ಬದಲಾದ ವರ್ಷವನ್ನು ಎಲ್ಲಿಯಾದರೂ ಬರೆದಿಟ್ಟಿದ್ದೀರಾ ಎಂದೆ. ಬರೆದಿರಲಿಲ್ಲ. ಆ ತರುಣನೇ ಕಿಸೆಯಿಂದ ಪೆನ್ನು ತೆಗೆದ.