ದಣಿವು ಬೇರೆ, ತಣಿವು ಬೇರೆ

"ಇವತ್ತು ಇದು ಸ್ವಲ್ಪ ಬಿಗಿಯಾಗಿದೆ. ಮೊದಲು ಓಡಿಸಿ ಸುಸ್ತು ಮಾಡಿ, ಆಮೇಲೆ ಹತ್ತಿ." ಕುದುರೆ ಸವಾರಿ ಕಲಿಸುವ ಕಡೆಯಲ್ಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಜಯನಗರದ ನಮ್ಮ ಮನೆಯಿಂದ ಭಾನುವಾರ ನಸುಕಿಗೇ ಎದ್ದು, ಕನಕಪುರ ರಸ್ತೆ ಹಿಡಿದು ಲಾಯಕ್ಕೆ ಹೋಗಲು ಶುರುಮಾಡಿದ ಮೇಲೆ ನಾನೂ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಮೊದಲ ವರ್ಷ ನಂಬಿಯೂ ಇದ್ದೆ. ಈಗ ನಂಬುವುದಿಲ್ಲ. ದಣಿದ ಕುದುರೆಯನ್ನು ತಣಿದ ಕುದುರೆ ಎಂದುಕೊಳ್ಳುವುದು ನಮ್ಮ ಸವಾರಿ ಶಾಲೆಗಳಲ್ಲಿ ಬೇರೂರಿರುವ ದೊಡ್ಡ ತಪ್ಪು. ಅದರ ಬೆಲೆಯನ್ನು ತೆರುವುದು ಮಾತ್ರ ಕುದುರೆ.

ನನ್ನ ನಂಬಿಕೆ ಅಲುಗಿಸಿದ್ದು ಒಂದು ಕಂದು ಕುದುರೆ. ರೇಸಿನಿಂದ ನಿವೃತ್ತಿಯಾಗಿ ಬಂದದ್ದು. ನಮ್ಮ ಊರಿನ ಸವಾರಿ ಶಾಲೆಗಳ ಎಷ್ಟೋ ಕುದುರೆಗಳ ಪೂರ್ವಾಶ್ರಮ ಅದೇ. ಜೀನು ಕಣ್ಣಿಗೆ ಬಿದ್ದ ಕೂಡಲೇ ಅದರ ಕತ್ತು ಕಂಬದಂತೆ ಮೇಲೇಳುತ್ತಿತ್ತು, ಬೆನ್ನು ಹಲಗೆಯಾಗುತ್ತಿತ್ತು. ತರಬೇತುದಾರರು ಉದ್ದ ಹಗ್ಗ ಕಟ್ಟಿ ಸುತ್ತು ಓಡಿಸುತ್ತಿದ್ದರು. ಮೊದಲ ವಾರಗಳಲ್ಲಿ 15 ನಿಮಿಷ ಸಾಕಾಗುತ್ತಿತ್ತು. ಮೂರನೆಯ ತಿಂಗಳಿಗೆ 40 ನಿಮಿಷ ಓಡಿದರೂ ಕತ್ತು ಇಳಿಯಲಿಲ್ಲ. ದಿನಾ ಓಡಿದ ಕುದುರೆಗೆ ದಮ್ಮು ಹೆಚ್ಚುತ್ತದೆ, ಅಷ್ಟೇ. ಗಾಬರಿ ಇದ್ದಲ್ಲೇ ಇತ್ತು, ಗಾಬರಿಯಲ್ಲಿ ಓಡುವ ತಾಕತ್ತು ಮಾತ್ರ ಬೆಳೆದಿತ್ತು.

ಒಂದು ದಿನ ಓಟ ಮುಗಿದು ಅದು ಸುಮ್ಮನೆ ನಿಂತಾಗ ದವಡೆಯ ಕೆಳಗಿನ ನಾಡಿ ಹಿಡಿದು ನೋಡಿದೆ. ಆರೋಗ್ಯವಾಗಿರುವ ಕುದುರೆಯ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರುತ್ತದೆ. ನಿಂತು ಹತ್ತು ನಿಮಿಷ ಕಳೆದಿದ್ದರೂ ಇದರದು 60ರ ಮೇಲೆಯೇ ಇತ್ತು. ಕಣ್ಣಿನ ಮೇಲಿನ ಚರ್ಮ ಮಡಿಕೆ ಬಿದ್ದಿತ್ತು, ಮೂಗಿನ ಹೊಳ್ಳೆ ಬಿಗಿದಿತ್ತು, ಬಾಲ ತೊಡೆಗೆ ಅಂಟಿಕೊಂಡಿತ್ತು. "ಈಗ ಆರಾಮಾಗಿದೆ, ಹತ್ತಿ" ಅಂದರು.

ಹತ್ತಿದ ಮೇಲಿನ ಕಥೆ ಇನ್ನೊಂದು. ಓಟದ ಅಂಕಣದಲ್ಲಿ ಬೆಳೆದ ಕುದುರೆ ಲಗಾಮಿಗೆ ಬಾಯಿ ಒತ್ತಿಕೊಂಡು ಓಡುವುದನ್ನು ಎಳೆಯದರಲ್ಲೇ ರೂಢಿ ಮಾಡಿಕೊಂಡಿರುತ್ತದೆ. ಬಿಗಿದಷ್ಟೂ ಮುನ್ನುಗ್ಗುವುದೇ ಅದಕ್ಕೆ ಗೊತ್ತಿರುವ ಪಾಠ. ಹೊಸ ಸವಾರ ಹೆದರಿ ಎಳೆಯುತ್ತಾನೆ, ಅದು ಇನ್ನಷ್ಟು ಓಡುತ್ತದೆ. ಅವನು ಇನ್ನಷ್ಟು ಎಳೆಯುತ್ತಾನೆ. ಕೊನೆಗೆ "ಹಟಮಾರಿ ಕುದುರೆ" ಎಂಬ ಹಣೆಪಟ್ಟಿ ಬೀಳುವುದು ಕುದುರೆಗೆ.

ದಣಿಸುವುದೇ ದಾರಿ ಎನ್ನುವವರಿಗೆ ನಮ್ಮ ಊರಿನವರೇ ಆದ ಫೌಆದ್ ಮಿರ್ಜಾ ಅವರ ಕ್ರೀಡೆಯೇ ಉತ್ತರ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್‌ನಲ್ಲಿ 'ಸೆನ್ಯೋರ್ ಮೆಡಿಕಾಟ್' ಕುದುರೆಯ ಮೇಲೆ ವೈಯಕ್ತಿಕ ಬೆಳ್ಳಿ ಗೆದ್ದ ಮಿರ್ಜಾ, ಅದೇ ಕುದುರೆಯೊಂದಿಗೆ ಟೋಕಿಯೊ ಒಲಿಂಪಿಕ್ಸ್‌ನ ಫೈನಲ್ ತಲುಪಿ 23ನೆಯ ಸ್ಥಾನ ಪಡೆದರು. ಈವೆಂಟಿಂಗ್‌ನಲ್ಲಿ ಮೊದಲು ಡ್ರೆಸ್ಸಾಜ್, ಅಂದರೆ ನಿಧಾನದ, ಹದವಾದ ನಡೆಯ ಪರೀಕ್ಷೆ. ಬಯಲಿನ ಅಡೆತಡೆಗಳನ್ನು ಹಾರಿ ಓಡುವ ಕ್ರಾಸ್ ಕಂಟ್ರಿ ಬರುವುದು ಅದರ ನಂತರ. ಕಿಲೋಮೀಟರುಗಟ್ಟಲೆ ನಾಗಾಲೋಟಕ್ಕೆ ತಯಾರಾಗಿ, ಮೈತುಂಬ ಶಕ್ತಿ ತುಂಬಿಕೊಂಡ ಕುದುರೆ ಆ ಶಕ್ತಿ ಖರ್ಚಾಗುವ ಮುಂಚೆಯೇ ಹಗುರಾಗಿ, ಸಮಾಧಾನವಾಗಿ ನಡೆದು ತೋರಿಸಬೇಕು. ಶಾಂತಿ ಸುಸ್ತಿನಿಂದ ಬರುವುದಾಗಿದ್ದರೆ ಈ ಸ್ಪರ್ಧೆಯನ್ನೇ ನಡೆಸಲಾಗುತ್ತಿರಲಿಲ್ಲ. ಜರ್ಮನರ ತರಬೇತಿ ಪದ್ಧತಿಯ ಆರು ಮೆಟ್ಟಿಲುಗಳಲ್ಲಿ ಮೊದಲನೆಯದು ಲಯ, ಎರಡನೆಯದೇ ಈ ಹಗುರಾಗುವಿಕೆ. ನೆಟ್ಟಗೆ ನಡೆಯುವುದು, ಮೈ ಕೂಡಿಸಿ ನಡೆಯುವುದು ಎಲ್ಲ ಆಮೇಲೆ. ಅಲ್ಲಿ ಅದನ್ನು ಕಲಿಸುತ್ತಾರೆ. ನಾವು ಅದು ತಾನಾಗಿ ಬರಲಿ ಎಂದು ಕುದುರೆಯ ಬೆವರಿಗೆ ಕಾಯುತ್ತೇವೆ.

ಇನ್ನೊಂದು ನಂಬಿಕೆ ಇದರ ಒಡಹುಟ್ಟು: ಅಲುಗದೆ ನಿಂತ ಕುದುರೆ ಸಾಧು ಕುದುರೆ. ಬಿಟಿಎಂ ಲೇಔಟಿನ ಒಂದು ಕಲ್ಯಾಣ ಮಂಟಪದ ಮುಂದೆ, ಮದುಮಗನಿಗಾಗಿ ಕಾಯುತ್ತಿದ್ದ ಬಿಳಿ ಕುದುರೆಯ ಹತ್ತಿರ ಹೋಗಿ ನಿಂತಿದ್ದೆ. ಒಂದು ಮಾರು ದೂರದಲ್ಲಿ ಬ್ಯಾಂಡ್ ಸೆಟ್, ತಲೆಯ ಮೇಲೆ ಮಿಣುಕುವ ದೀಪ, ಹಿಂದಿನಿಂದ ಸ್ಕೂಟರುಗಳ ಹಾರ್ನ್. ಕುದುರೆ ಕಲ್ಲಿನ ಹಾಗೆ ನಿಂತಿತ್ತು. "ಎಷ್ಟು ಸಾಧು ನೋಡಿ" ಎಂದು ಜನ ಮಕ್ಕಳನ್ನು ಹತ್ತಿರ ತಂದು ಮುಟ್ಟಿಸಿದರು. ಅದರ ಕಿವಿ ಯಾವ ಸದ್ದಿಗೂ ತಿರುಗಲಿಲ್ಲ. ನೊಣ ಕೂತರೂ ಚರ್ಮ ಅದುರಲಿಲ್ಲ. ಸುತ್ತಲಿನ ಹೆಚ್ಚುಕಡಿಮೆ ಎಲ್ಲವನ್ನೂ ತಲೆ ತಿರುಗಿಸದೆ ಕಾಣುವ ಪ್ರಾಣಿ ಅದು. ಓಡುವುದರಲ್ಲೇ ಜೀವ ಉಳಿಸಿಕೊಂಡು ಬಂದ ಕುಲ. ಓಡಿ ಪ್ರಯೋಜನವಿಲ್ಲ ಎಂದು ಗೊತ್ತಾದಾಗ ಅದು ಹೀಗೆ ಒಳಗೇ ಮುಚ್ಚಿಕೊಳ್ಳುತ್ತದೆ. ಆ ಕೈಬಿಟ್ಟ ಸ್ಥಿತಿಯನ್ನು ನೆಮ್ಮದಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮೈಸೂರಿನಲ್ಲಿ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುತ್ತವೆ. ಅದಕ್ಕೆ ಮುಂಚೆ ಆನೆಗಳ ಜೊತೆ ಅಶ್ವದಳದ ಕುದುರೆಗಳಿಗೂ ಸಿಡಿಮದ್ದಿನ ತಾಲೀಮು ನಡೆಯುತ್ತದೆ. ಮೆರವಣಿಗೆಯ ಗದ್ದಲಕ್ಕೆ ಮೊದಲೇ ಸದ್ದನ್ನು ಬೇರೆಯಾಗಿ ಪರಿಚಯಿಸುವ ಈ ಪದ್ಧತಿಯ ತತ್ವ ಸರಿಯಾಗಿದೆ. ಆದರೆ ಮಾರನೆಯ ದಿನ ನಾವು ಪತ್ರಿಕೆಯಲ್ಲಿ ಹುಡುಕುವುದು ಯಾವುದು ಬೆಚ್ಚಿತು, ಯಾವುದು ಅಲುಗಲಿಲ್ಲ ಎಂಬುದನ್ನು. ಬೆಚ್ಚಿದ್ದು ಎಷ್ಟು ಹೊತ್ತಿಗೆ ಮತ್ತೆ ಮೇವಿಗೆ ಬಾಯಿ ಹಾಕಿತು ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಅದೊಂದೇ. ಗ್ರೀಕ್ ದೇಶದ ಜೆನೊಫೋನ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ: ಕುದುರೆ ಹೆದರಿದ ವಸ್ತುವಿನ ಕಡೆಗೆ ಅದನ್ನು ಹೊಡೆದು ತಳ್ಳಿದರೆ, ನೋವಿಗೂ ಆ ವಸ್ತುವೇ ಕಾರಣ ಎಂದು ಅದು ತಿಳಿಯುತ್ತದೆ, ಭಯ ಇಮ್ಮಡಿಯಾಗುತ್ತದೆ. ದಂಡಂ ದಶಗುಣಂ ಎನ್ನುವವರು ಇದನ್ನು ಇವತ್ತಿಗೂ ಒಪ್ಪಿಲ್ಲ.

ದಣಿಸುವವರ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಸುಮಾರು 500 ಕಿಲೋ ತೂಕದ ಪ್ರಾಣಿ ಎಗರಾಡಿದರೆ ಮೇಲೆ ಕೂತ ಮಗುವಿನ ಗತಿ ಏನು ಎಂಬ ಅವರ ಆತಂಕ ನಿಜವಾದದ್ದು. ಇಡೀ ದಿನ ನಾಲ್ಕು ಗೋಡೆಯ ನಡುವೆ ನಿಂತ ಕುದುರೆಗೆ ಕಾಲಾಡಿಸಬೇಕು ಎನ್ನುವುದೂ ನಿಜ. ಆದರೆ ಅದು ಕೇಳುತ್ತಿರುವುದು ಬಯಲನ್ನು, ಜೊತೆಗೊಂದು ಕುದುರೆಯನ್ನು, ಬಾಯಾಡಿಸಲು ಹುಲ್ಲನ್ನು. ದಿನದಲ್ಲಿ ಹದಿನಾರು ಗಂಟೆಯಷ್ಟು ಮೇಯಲು ಹುಟ್ಟಿದ ಜೀವ ಅದು. ಮೇವಿರಲಿ ಇಲ್ಲದಿರಲಿ, ಹೊಟ್ಟೆಯಲ್ಲಿ ಆಮ್ಲ ಸುರಿಯುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆ ಆಮ್ಲ ಮೇಲಕ್ಕೆ ಚಿಮ್ಮಿ ಹುಣ್ಣಿಗೆ ದಾರಿಯಾಗುತ್ತದೆ. ನಮ್ಮ ದಕ್ಷಿಣ ಬೆಂಗಳೂರಿನ ಅಂಚಿನಲ್ಲಿ ನೆಲವನ್ನು ಚದರ ಅಡಿಯಲ್ಲಿ ಅಳೆಯುತ್ತಾರೆ, ಕುದುರೆಗೆ ಬಯಲು ಬಿಡುವವರು ಕಡಿಮೆ. ಬಯಲಿಲ್ಲದ ಕೊರತೆಯನ್ನು ಹಗ್ಗದ ಸುತ್ತಿನಲ್ಲಿ ತೀರಿಸಿಕೊಂಡು, ಅದನ್ನೇ ತರಬೇತಿ ಎನ್ನುವುದು ಸರಿಯಲ್ಲ. ಬಿಗಿತಕ್ಕೆ ನೋವು ಕಾರಣವೇ ಎಂದು ಹಲ್ಲು, ಬೆನ್ನು, ಜೀನು, ಹೊಟ್ಟೆ ಪರೀಕ್ಷಿಸುವ ಮೊದಲು ಹಗ್ಗ ಕೈಗೆತ್ತಿಕೊಳ್ಳುವುದಂತೂ ಅನ್ಯಾಯ.

ಕಂದು ಕುದುರೆಗೆ ಬೇರೆ ದಾರಿ ತೋರಿಸಿದ್ದು ಆ ಲಾಯದ ಹಿರಿಯ ಸೈಸ್. ಓಡಿಸುವುದನ್ನೇ ನಿಲ್ಲಿಸಿದರು. ಜೀನನ್ನು ಬೇಲಿಯ ಮೇಲಿಟ್ಟು, ಕುದುರೆಯನ್ನು ಅದರ ಕಡೆಗೆ ನಡೆಸುತ್ತಿದ್ದರು. ಕತ್ತು ಎದ್ದ ಕಡೆ ನಿಲ್ಲುತ್ತಿದ್ದರು. ಮುಂದಕ್ಕೆ ಎಳೆಯಲಿಲ್ಲ, ಓಡಿಹೋಗಲೂ ಬಿಡಲಿಲ್ಲ. ಕತ್ತು ಒಂದು ಗೇಣು ಇಳಿದ ಕ್ಷಣಕ್ಕೆ ಸರಿಯಾಗಿ ಹಗ್ಗ ಸಡಿಲ ಬಿಟ್ಟು, ತಿರುಗಿ ಜೀನಿನಿಂದ ದೂರ ನಡೆಸುತ್ತಿದ್ದರು. ಕಲಿಕೆ ಇರುವುದು ಆ ಸಡಿಲದಲ್ಲಿ. ಲಗಾಮು ಬಿಗಿ ಮಾಡು, ಕಡಿವಾಣ ಹಾಕು ಎಂದೇ ಆಡಿಕೊಂಡು ಬಂದ ನಮಗೆ ಇದು ತಲೆಕೆಳಗಾಗಿ ಕಾಣಬಹುದು. ಒತ್ತಿದಾಗ ಕುದುರೆ ಉತ್ತರ ಹುಡುಕುತ್ತದೆ. ಬಿಟ್ಟಾಗ, ತಾನು ಕೊಟ್ಟದ್ದು ಸರಿಯುತ್ತರ ಎಂದು ತಿಳಿಯುತ್ತದೆ. ಎರಡು ಸೆಕೆಂಡ್ ತಡವಾದರೆ ಅದು ಕಲಿಯುವುದು ಬೇರೆ ಏನನ್ನೋ.

ಒಂದು ಸಲ ಅದು ತುಟಿ ನೆಕ್ಕಿ ಬಾಯಾಡಿಸಿತು. "ಒಪ್ಪಿಕೊಂಡಿತು" ಎಂದೆ. ಪುಸ್ತಕಗಳಿಂದ, ವಿಡಿಯೋಗಳಿಂದ ಕಲಿತ ಮಾತು. ಸೈಸ್ ತಲೆಯಾಡಿಸಿದರು: "ಇಷ್ಟು ಹೊತ್ತು ಬಾಯಿ ಒಣಗಿತ್ತು ಅಂತ ಅರ್ಥ." ಅವರು ಹೇಳಿದ್ದೇ ಸರಿ. ಭಯದಲ್ಲಿ ಆರಿದ ಬಾಯಿಗೆ ಭಯ ಇಳಿಯುವಾಗ ಜೊಲ್ಲು ಮರಳುತ್ತದೆ, ನಮಗೂ ಹಾಗೆಯೇ. ಪಾಠದುದ್ದಕ್ಕೂ ಕುದುರೆ ಬಾಯಾಡಿಸುತ್ತಲೇ ಇದ್ದರೆ ಮೆಚ್ಚುವುದಕ್ಕಿಂತ ಮೊದಲು, ಅದನ್ನು ಅಷ್ಟು ಸಲ ಹೆದರಿಸಿದ್ದು ಯಾರು ಎಂದು ನೋಡಬೇಕು.

ಜೀನಿನ ತನಕ ಬರಲು ಅದಕ್ಕೆ ಐದು ವಾರ ಹಿಡಿಯಿತು, ದಿನಕ್ಕೆ ಹತ್ತು ಹನ್ನೆರಡು ನಿಮಿಷದ ಲೆಕ್ಕದಲ್ಲಿ. ಹಗ್ಗದ ಓಟಕ್ಕೆ ನಾವು ಸುರಿದಿದ್ದ ಹೊತ್ತಿಗೆ ಹೋಲಿಸಿದರೆ ಇದು ಏನೂ ಅಲ್ಲ. ಮೊನ್ನೆ ಭಾನುವಾರ ನಾನು ಮೇಲಿದ್ದಾಗ ಬೇಲಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಕವರೊಂದು ಗಾಳಿಗೆ ಪಟಪಟನೆ ಬಡಿಯಿತು. ಕುದುರೆ ಬೆಚ್ಚಿ ಪಕ್ಕಕ್ಕೆ ಹಾರಿತು, ನನ್ನ ಒಂದು ಕಾಲು ರಿಕಾಪಿನಿಂದ ಜಾರಿತು. ಲಗಾಮು ಎಳೆಯದೆ ಕೂತೆ. ಎಂಟು ಹೆಜ್ಜೆ ಎಣಿಸುವಷ್ಟರಲ್ಲಿ ಅದರ ಕತ್ತು ಇಳಿಯಿತು, ಒಂದು ಕಿವಿ ನನ್ನ ಕಡೆ ತಿರುಗಿತು.