ಅಟ್ಟದ ಸಲಹೆ
ಧಾರವಾಡದ ಸುಭಾಸ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆಯನ್ನು ಸಾಹಿತ್ಯದವರು ಪ್ರೀತಿಯಿಂದ ‘ಅಟ್ಟ’ ಎನ್ನುತ್ತಾರೆ. 1933ರಲ್ಲಿ ಹುಟ್ಟಿದ ಈ ಪ್ರಕಾಶನದ ಸ್ಥಾಪಕ ಜಿ. ಬಿ. ಜೋಶಿ ಸ್ವತಃ ನಾಟಕಕಾರರು. ‘ಜಡಭರತ’ ಅವರ ಕಾವ್ಯನಾಮ. ಸಾಹಿತ್ಯ ಸಲಹೆಗಾರರಾಗಿ ಜೊತೆಗಿದ್ದವರು ಕೀರ್ತಿನಾಥ ಕುರ್ತಕೋಟಿ.

ಈಗ ಪ್ರಕಾಶಕರ ಸಲಹೆ ಎಂದರೆ ಮುಖಪುಟ, ಬಿಡುಗಡೆ, ಮಾರಾಟದ ಮಾತು. ಅವೂ ಬೇಕು. ಆದರೆ ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕಗಳಿಲ್ಲವಲ್ಲ ಎಂಬ ಕುರ್ತಕೋಟಿಯವರ ಕೊರಗು ಗಿರೀಶ ಕಾರ್ನಾಡರನ್ನು ‘ತುಘಲಕ್’ ಕಡೆಗೆ ನಡೆಸಿತು. ಲೇಖಕನಿಗೆ ಇದಕ್ಕಿಂತ ದೊಡ್ಡ ಸಲಹೆ ನನಗಂತೂ ಕಾಣದು. ಅದಕ್ಕೂ ಮೊದಲು, 1961ರಲ್ಲಿ, ಇಪ್ಪತ್ತರ ಹರೆಯದ ಕಾರ್ನಾಡರ ‘ಯಯಾತಿ’ಯನ್ನು ನಂಬಿ ಅಚ್ಚು ಹಾಕಿದ್ದೂ ಅಟ್ಟವೇ. ಅರ್ಧ ಶತಮಾನದ ಬಳಿಕ ‘ಆಡಾಡತ ಆಯುಷ್ಯ’ ಬರೆದಾಗ, ಆತ್ಮಕಥೆಯ ಆ ಹಸ್ತಪ್ರತಿಯನ್ನು ಅವರು ಕೊಟ್ಟದ್ದು ಅದೇ ಅಟ್ಟಕ್ಕೆ.