ಚಾಂದ್ ಕಂಡ ಮೇಲೆ ಹುಡುಕುವ ಹಾಡು

ಸಿರುಗುಪ್ಪ ತಾಲೂಕಿನ ಸಿರಿಗೇರಿ ಸುತ್ತಿನ ಊರುಗಳಲ್ಲಿ ಮೊಹರಂ ಪದ ಹಾಡುವ ಮೇಳದವರನ್ನು, ‘ಬರುವ ವರ್ಷ ಏನು ಹಾಡ್ತೀರಿ?’ ಎಂದು ಕೇಳಿ ನೋಡಿ. ‘ಚಾಂದ್ ಕಾಣ್ಲಿ ಬಿಡಪ್ಪ, ಆಮ್ಯಾಲೆ ನೋಡಾನು’ ಎಂಬ ಉತ್ತರ ಬರುತ್ತದೆ. ಈ ಮಾತನ್ನು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತ ಬಂದವನು. ಅದರಲ್ಲಿ ದೇವರ ಮೇಲೆ ಭಾರ ಹಾಕಿದವರ ನೆಮ್ಮದಿ ಇದೆ. ಆದರೆ ಈಗ ಆ ಮಾತು ಕೇಳಿದರೆ ನನಗೆ ಆತಂಕವಾಗುತ್ತದೆ. ಅದಕ್ಕೆ ಕಾರಣವಾದ ಒಂದು ರಾತ್ರಿಯ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

2025ರ ಜುಲೈ 5ರಂದು ಮೊಹರಂನ ಕತ್ತಲರಾತ್ರಿ. ಊರೊಂದರಲ್ಲಿ ಅಲಾಯಿ ಕುಣಿಯ ಪಕ್ಕದಲ್ಲಿ ಮೇಳ ನಿಂತಿತ್ತು. ಹತ್ತು ಹನ್ನೆರಡು ಜನ, ಎರಡು ಸಾಲು, ಕೈಯಲ್ಲಿ ಕರವಸ್ತ್ರ. ಮುಮ್ಮೇಳದವರು ಒಂದು ಸಾಲು ಎತ್ತಿಕೊಟ್ಟರೆ ಹಿಮ್ಮೇಳದವರು ಅದನ್ನು ಹಿಡಿದು ತಿರುಗಿಸಿ ಕೊಡುವುದು. ಹಜರತ್ ಅಬ್ಬಾಸರು ನೀರು ತರಲು ಹೊರಟ ಕಥೆ ಶುರುವಾಯಿತು. ಡೇರೆಯಲ್ಲಿ ಮಕ್ಕಳು ಬಾಯಾರಿ ಅಳುತ್ತಿದ್ದಾರೆ, ಅಬ್ಬಾಸರು ಮಶಕ ಹೆಗಲಿಗೇರಿಸಿ ಕುದುರೆ ಹತ್ತಿದ್ದಾರೆ. ಅಲ್ಲಿಗೆ ಹಿಮ್ಮೇಳ ತಡವರಿಸಿತು. ಮುಂದಿನ ನುಡಿ ಯಾರಿಗೂ ಪೂರ್ತಿ ಬಾರದು. ಪದ ಬರೆದಿಟ್ಟ ನೋಟುಬುಕ್ಕು ಇದ್ದದ್ದು ಬೆಂಗಳೂರಿಗೆ ದುಡಿಯಲು ಹೋದ ಒಬ್ಬನ ಮನೆಯಲ್ಲಿ. ಮುಂದಾಳು ಜಾಣತನದಿಂದ ಕೊನೆಯ ನುಡಿಗೆ ಹಾರಿ, ಗುರುವಿನ ಹೆಸರು, ಊರಿನ ಹೆಸರು ಹೇಳಿ ಮಂಗಳ ಮಾಡಿಬಿಟ್ಟ. ಅಬ್ಬಾಸರು ಫುರಾತ್ ಹೊಳೆಯ ದಂಡೆ ಮುಟ್ಟಲೇ ಇಲ್ಲ. ಆಮೇಲೆ ಸಿನಿಮಾ ಧಾಟಿಯ ನಾಲ್ಕು ಪದಗಳು ಬಂದವು. ಹುಡುಗರು ಸಿಳ್ಳೆ ಹೊಡೆದರು. ರಾತ್ರಿ ಚೆನ್ನಾಗಿಯೇ ಕಳೆಯಿತು ಎಂದು ಎಲ್ಲರೂ ಅಂದುಕೊಂಡರು.

ಸಿನಿಮಾ ಧಾಟಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಜನರ ಹಾಡು ಎಲ್ಲ ಕಾಲಕ್ಕೂ ತನ್ನ ಸುತ್ತ ಕೇಳಿಬರುವ ಧಾಟಿಯನ್ನು ಎತ್ತಿಕೊಂಡಿದೆ. ಆದರೆ ಅಲ್ಲಿ ಆದದ್ದು ಆಯ್ಕೆಯಲ್ಲ, ಬೇರೆ ದಾರಿಯಿಲ್ಲದ್ದು. ಚಾಂದ್ ಕಂಡ ಮೇಲೆ ಉಳಿಯುವುದು ಹತ್ತು ದಿನ. ಅದರಲ್ಲಿ ಹಗಲು ಕೂಲಿಗೆ ಹೋಗುತ್ತದೆ. ಉಳಿದ ಎರಡು ತಾಸಿನಲ್ಲಿ ನಲವತ್ತು ನುಡಿಯ ಕಥನವನ್ನು ಹೊಸಬರಿಗೆ ಬಾಯಿಪಾಠ ಮಾಡಿಸಲು ಆಗದು. ಎಲ್ಲರಿಗೂ ಮೊದಲೇ ಗೊತ್ತಿರುವ ಧಾಟಿಗೆ ಎಂಟು ಸಾಲು ಹೊಂದಿಸಲು ಆಗುತ್ತದೆ. ನಮ್ಮ ಮೇಳಗಳಲ್ಲಿ ದೊಡ್ಡ ಕಥನ ಕುಗ್ಗಿ ಸಣ್ಣ ಪದ ಬೆಳೆಯುತ್ತಿರುವುದಕ್ಕೆ ರುಚಿ ಕೆಟ್ಟದ್ದು ಕಾರಣ ಎಂದು ವಿದ್ವಾಂಸರು ಹೇಳುತ್ತಾರೆ. ನನಗೆ ಕಂಡಂತೆ ಕಾರಣ ಬೇರೆ. ಮುಂದಿನ ವರ್ಷದ ಬಗ್ಗೆ ಯೋಚಿಸುವ ಅಭ್ಯಾಸ ನಮ್ಮ ಮೇಳಗಳಿಗೆ ಇಲ್ಲ.

ರಿವಾಯತ್ ಎಂಬ ಹೆಸರನ್ನೇ ನೋಡಿ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುತ್ತ ಬಂದದ್ದು ಎಂಬುದು ಅದರ ಅರ್ಥ. ಹದೀಸ್ ಓದಿದವರಿಗೆ ಈ ಪದ ಚಿರಪರಿಚಿತ. ಅಲ್ಲಿ ಹೇಳಿದವನು ರಾವಿ. ಯಾರಿಂದ ಯಾರಿಗೆ ಬಂತು ಎಂಬ ಸರಪಳಿ ಸನದ್. ಸರಪಳಿಯ ಒಂದು ಕೊಂಡಿ ತಪ್ಪಿದರೆ ಆ ರಿವಾಯತ್ತಿನ ಬಲ ಕುಗ್ಗುತ್ತದೆ. ನಮ್ಮ ಹಳ್ಳಿಯ ಕವಿ ಕೊನೆಯ ನುಡಿಯಲ್ಲಿ ಗುರುವಿನ, ಊರಿನ, ತನ್ನ ಹೆಸರನ್ನು ಕಟ್ಟುತ್ತಾನಲ್ಲ, ಅದು ಅವನ ಸನದ್. ಅವನು ಕುರುಬನೋ ನಾಯಕನೋ ಲಿಂಗಾಯತನೋ ಸಾಬನೋ, ಕರ್ಬಲಾದ ಸುದ್ದಿಗೆ ಅವನೊಬ್ಬ ರಾವಿ. ಹಿಜರಿ 61ರಲ್ಲಿ, ಅಂದರೆ ಕ್ರಿ.ಶ. 680ರಲ್ಲಿ, ಇರಾಕಿನ ಮರಳಿನ ಮೇಲೆ ನಡೆದ ಸಂಗತಿ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಯ ಕನ್ನಡ ಪದವಾಗಿ ನಿಂತಿದೆ ಎಂದರೆ, ಅದಕ್ಕೆ ಇಂಥ ಸಾವಿರ ರಾವಿಗಳು ಕಾರಣ. ಶಿಶುನಾಳ ಶರೀಫರೂ ಮೊಹರಂ ಪದ ಕಟ್ಟಿದವರೇ. ಮೊನ್ನೆಯ ಕತ್ತಲರಾತ್ರಿ ಆ ಸರಪಳಿಯ ಒಂದು ಕೊಂಡಿ ಕಳಚಿದ್ದನ್ನು ನಾನು ಕಣ್ಣಾರೆ ಕಂಡೆ.

ಇನ್ನು ಮೇಳದ ಕಾಲದ ವಿಚಾರ. ಬೇರೆ ಕಲಾವಿದರಿಗೆ ಇಲ್ಲದ ತೊಡಕೊಂದು ಇವರಿಗಿದೆ. ಚಾಂದ್ರಮಾನದ ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಸುಮಾರು ಮೂವತ್ತಮೂರು ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಮ್ಮದು ತುಂಗಭದ್ರಾ ಕಾಲುವೆಯ ಸೀಮೆ. ಇಲ್ಲಿ ಹಾಡುವವನೂ ಹೊಲದ ಕೆಲಸದವನೇ. 2006ರಿಂದ 2009ರವರೆಗೆ ಮೊಹರಂ ಜನವರಿ, ಫೆಬ್ರುವರಿಯಲ್ಲಿ ಬಂದಾಗ ಮೆಣಸಿನಕಾಯಿ ಬಿಡಿಸುವ ಕಾಲ. 2012ರಲ್ಲಿ ನವೆಂಬರ್ ಕೊನೆಗೆ ಬಂದಾಗ ನೆಲ್ಲು ಕೊಯ್ಲು. 2020ರ ಆಗಸ್ಟ್‌ನಲ್ಲಿ ಕೊರೊನಾ ನಿರ್ಬಂಧ. 2022, 2023ರಲ್ಲಿ ಆಗಸ್ಟ್, ಜುಲೈಗೆ ಬಂದಾಗ ಕಾಲುವೆಗೆ ನೀರು ಬಿಟ್ಟು ನಾಟಿ ಹಚ್ಚುವ ಹೊತ್ತು. ಮೊಣಕಾಲುದ್ದ ಕೆಸರಿನಲ್ಲಿ ದಿನವೆಲ್ಲ ಬಗ್ಗಿ ನಿಂತವನಿಗೆ ರಾತ್ರಿ ನಿಂತು ಹಾಡು ಎಂದರೆ ಏನಾದೀತು? ಕಳೆದ ಎರಡು ದಶಕ ನಮ್ಮ ಮೇಳಗಳು ಸೊರಗಿದ್ದರಲ್ಲಿ ಈ ಲೆಕ್ಕದ ಪಾಲೂ ಇದೆ. ಟಿ.ವಿ., ಮೊಬೈಲುಗಳನ್ನು ಬಯ್ಯುವವರು ಇದನ್ನು ಗಮನಿಸುವುದಿಲ್ಲ.

ಆದರೆ ಅದೇ ಲೆಕ್ಕ ಈಗ ಮೇಳದ ಪರವಾಗಿ ತಿರುಗುತ್ತಿದೆ. ಚಾಂದ್ ಕಾಣುವುದರಲ್ಲಿ ಒಂದು ದಿನ ಆಚೀಚೆ ಆದೀತು ಎಂಬುದನ್ನು ಬಿಟ್ಟರೆ, ಮೊಹರಂನ ಹತ್ತನೆಯ ದಿನ 2026ರಲ್ಲಿ ಜೂನ್ ಕೊನೆಗೆ, 2027ರಲ್ಲಿ ಜೂನ್ ನಡುವಿಗೆ, 2028ರಲ್ಲಿ ಜೂನ್ ಮೊದಲ ವಾರಕ್ಕೆ ಬರುತ್ತದೆ. 2029, 2030ರಲ್ಲಿ ಮೇ ತಿಂಗಳು. ಎರಡನೇ ಬೆಳೆ ಮುಗಿದು ಕಾಲುವೆ ಬತ್ತಿ ಹೊಲ ಖಾಲಿ ಇರುವ ಕಾಲ ಅದು. 2029ರಿಂದ ಮೂರು ನಾಲ್ಕು ವರ್ಷ ಮೊಹರಂ ಶಾಲೆಯ ಬೇಸಿಗೆ ರಜೆಯೊಳಗೇ ಬೀಳುತ್ತದೆ. ಹುಡುಗರು ಊರಲ್ಲಿರುತ್ತಾರೆ. ಇಂಥ ಅವಕಾಶ ಒಂದು ತಲೆಮಾರಿಗೆ ಒಮ್ಮೆ ಬರುವಂಥದ್ದು. 1993ರಲ್ಲಿ ಮೊಹರಂ ಹೀಗೆಯೇ ಜೂನ್ ಕೊನೆಗೆ ಬಂದಿತ್ತು. ನಾನು ಹಿಮ್ಮೇಳದ ಕೊನೆಯಲ್ಲಿ ನಿಂತು ಬಾಯಿ ತೆರೆದದ್ದು ಅದೇ ವರ್ಷ. ಉರ್ದು ಶಾಲೆಯ ಹುಡುಗನಾದ ನನಗೆ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಕಲಿಸಿದವರು ಕುರುಬರ ಹಿರಿಯರೊಬ್ಬರು. ಅವರನ್ನು ನಾವೆಲ್ಲ ಮಾಮ ಎನ್ನುತ್ತಿದ್ದೆವು. ಈಗ ಚಕ್ರ ಒಂದು ಸುತ್ತು ಮುಗಿಸಿದೆ. ಮಾಮ ಇಲ್ಲ.

ಯೋಜನೆ ಎಂಬ ಮಾತು ಎತ್ತಿದೊಡನೆ, ಭಕ್ತಿಯ ಹಾಡಿಗೆ ಯೋಜನೆ ಎಂಥದ್ದು, ಅದು ತಾನಾಗಿ ಬರಬೇಕು ಎನ್ನುವವರಿದ್ದಾರೆ. ಇದು ದೂರದಿಂದ ನೋಡಿದವರ ಮಾತು. ಲಖನೌದಲ್ಲಿ ಮರ್ಸಿಯಾಗಳನ್ನು ಸೋಜ್‌ಖ್ವಾನಿ ಪದ್ಧತಿಯಲ್ಲಿ ಹಾಡುವವರು ವಾದ್ಯ ಮುಟ್ಟುವುದಿಲ್ಲ. ಒಬ್ಬ ಮುಂದಾಳು ಹಾಡುತ್ತಿದ್ದರೆ ಅಕ್ಕಪಕ್ಕದ ‘ಬಾಜೂ’ಗಳು ದನಿಯಿಂದಲೇ ಶ್ರುತಿ ಹಿಡಿದು ನಿಲ್ಲುತ್ತಾರೆ. ಅದು ವರ್ಷಗಟ್ಟಲೆ ಕಲಿತು ಬರುವ ವಿದ್ಯೆ. ಹಾಗೆ ಹಾಡುವುದರಿಂದ ಯಾರ ಕಣ್ಣೀರೂ ಕಡಿಮೆಯಾಗಿಲ್ಲ. ನಮ್ಮ ವೃತ್ತಿ ನಾಟಕ ಕಂಪನಿಗಳು ಜಾತ್ರೆಗಳ ಪಟ್ಟಿ ಮುಂದಿಟ್ಟುಕೊಂಡೇ ಕ್ಯಾಂಪು ಗೊತ್ತು ಮಾಡುತ್ತವೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಟೆಂಟು ಬೀಳುವುದು ಹಾಗೆ. 1985ರಲ್ಲಿ ಆರಂಭವಾದ ನೀನಾಸಂ ತಿರುಗಾಟಕ್ಕೂ ವರ್ಷ ವರ್ಷದ ಲೆಕ್ಕವಿದೆ: ಇಷ್ಟು ನಾಟಕ, ಇಷ್ಟು ತಾಲೀಮು, ಆಮೇಲೆ ಊರೂರು. ಸಂಬಳವಿಲ್ಲದಿದ್ದರೂ ಮೇಳಕ್ಕೆ ಇಂಥ ಶಿಸ್ತು ಬೇಡವೆಂದು ಯಾರು ಹೇಳಿದರು?

ನಮ್ಮದೇ ಜಿಲ್ಲೆಯ ದರೋಜಿ ಈರಮ್ಮನವರನ್ನು ನೆನೆಯಬೇಕು. ಓದು ಬರಹ ಬಾರದ ಆ ತಾಯಿ ಕುಮಾರರಾಮನಂಥ ದೊಡ್ಡ ಕಾವ್ಯಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಅವರು ಮುಂದೆ ನಿಂತು ಹಾಡಿದರೆ ಜೊತೆಗಾತಿಯರು ದನಿ ಕೂಡಿಸುತ್ತಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅವರ ಕಾವ್ಯಗಳನ್ನು ಬರೆದುಕೊಂಡವರಿದ್ದರು, ಕೆಲವು ಅಚ್ಚಾದವು. 2014ರಲ್ಲಿ ಈರಮ್ಮ ತೀರಿಕೊಂಡಾಗ ಏನು ಉಳಿದಿದೆ, ಏನು ಹೋಯಿತು ಎಂದು ಹೇಳಲಾದರೂ ಸಾಧ್ಯವಾಯಿತು. ದೂರದ ಇಂಗ್ಲೆಂಡಿನಲ್ಲೂ ಇಂಥದ್ದೇ ಒಂದು ಸಂಗತಿ ನಡೆಯಿತು. 1924ರಿಂದ ಹಾಡುತ್ತ ಬಂದ ಬಿಬಿಸಿ ಸಿಂಗರ್ಸ್ ಎಂಬ ಸಂಬಳದ ಗಾಯಕರ ಮೇಳವನ್ನು ಮುಚ್ಚುವುದಾಗಿ 2023ರ ಮಾರ್ಚ್‌ನಲ್ಲಿ ಬಿಬಿಸಿ ಪ್ರಕಟಿಸಿತು. ವಿರೋಧ ಎಷ್ಟು ಬಂತೆಂದರೆ ಅದೇ ತಿಂಗಳು ಹಿಂದೆ ಸರಿಯಬೇಕಾಯಿತು. ಆ ಮೇಳ ಏನು ಹಾಡಿತ್ತು, ಮುಂದೆ ಏನು ಹಾಡಲಿತ್ತು ಎಂಬುದು ಜನರಿಗೆ ಗೊತ್ತಿತ್ತು. ಹಾಗಾಗಿ ಕಳೆದುಕೊಳ್ಳುವುದೇನೆಂದೂ ಗೊತ್ತಿತ್ತು. ನಮ್ಮ ಕಡೆ ಒಂದು ರಿವಾಯತ್ ಮೇಳ ನಿಂತುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಈ ವರ್ಷ ಯಾಕೋ ಹಾಡಲಿಲ್ಲ’ ಎನ್ನುತ್ತಾರೆ. ಮರುವರ್ಷ ಅಷ್ಟನ್ನೂ ಅನ್ನುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೂರು ಮೊಹರಂಗಳಿಗೆ ಮೂರು ಕೆಲಸವೆಂದು ಇಟ್ಟುಕೊಳ್ಳೋಣ.

ಮೊದಲನೆಯ ವರ್ಷ ಹೊಸದೇನೂ ಬೇಡ. ಒಂದೇ ಒಂದು ಹಳೆಯ ಕಥನವನ್ನು ಪೂರ್ತಿ ಹಾಡಿದರೆ ಸಾಕು. ಅದಕ್ಕಾಗಿ ಮನೆ ಮನೆಯ ನೋಟುಬುಕ್ಕುಗಳನ್ನು ಒಂದು ಕಡೆ ತಂದು ಹೋಲಿಸಬೇಕು. ಹಿರಿಯರ ಬಾಯಲ್ಲಿರುವುದನ್ನು ಮೊಬೈಲಿನಲ್ಲಿ ಹಿಡಿದಿಡಬೇಕು. ಪ್ರತಿಯೊಬ್ಬ ಹಾಡುಗಾರನ ಹತ್ತಿರ ಒಂದು ಪ್ರತಿ ಇರಬೇಕು. ಯುಗಾದಿ ಕಳೆದ ಮೇಲೆ ವಾರಕ್ಕೊಂದು ಸಂಜೆ ಕೂತರೆ ಮೊಹರಂ ಹೊತ್ತಿಗೆ ನಲವತ್ತು ನುಡಿ ನಾಲಿಗೆಗೆ ಬರುತ್ತವೆ. ದುಡಿಯಲು ಹೋದವರಿಗೆ ದಿನಾಂಕ ಮೊದಲೇ ತಿಳಿಸಿದರೆ ಅವರೂ ರಜೆ ಕೇಳಿಕೊಂಡು ಬಂದಾರು.

ಎರಡನೆಯ ವರ್ಷ ಒಂದು ಹೊಸ ಪದ. ನಮ್ಮ ಮೇಳಗಳು ಯುದ್ಧವನ್ನು ಹಾಡಿದಷ್ಟು ಯುದ್ಧದ ನಂತರವನ್ನು ಹಾಡಿಲ್ಲ. ಬೀಬಿ ಜೈನಬ್ ಸೆರೆಯಾಳಾಗಿ ಕೂಫಾ, ದಮಾಸ್ಕಸ್‌ಗಳ ದರಬಾರಿನಲ್ಲಿ ಎದೆಗೆಡದೆ ಮಾತಾಡಿದ್ದು ಕರ್ಬಲಾದ ಅರ್ಧ ಕಥೆ. ಕರ್ಬಲಾದಲ್ಲಿ ಏನಾಯಿತೆಂದು ಲೋಕಕ್ಕೆ ಹೇಳಿದ ಮೊದಲ ರಾವಿಗಳಲ್ಲಿ ಆ ಹೆಣ್ಣುಮಗಳು ಒಬ್ಬರು. ಗಂಡಸರ ಮೇಳದಲ್ಲಿ ಆ ದನಿ ಸಣ್ಣದಾಗಿದೆ. ಮನೆಯೊಳಗೆ ಹೆಂಗಸರು ಹಾಡಿಕೊಳ್ಳುವ ಪದಗಳನ್ನು ಕೇಳಿಸಿಕೊಂಡು ನಮ್ಮ ಕವಿಗಳು ಈ ಪದ ಕಟ್ಟಬೇಕು. ಕಟ್ಟಲು ಒಂದು ವರ್ಷವಾದರೂ ಬೇಕು.

ಮೂರನೆಯ ವರ್ಷ ಊರಾಚೆಗೆ. ಸಿರುಗುಪ್ಪ, ಕುರುಗೋಡು ಸೀಮೆಯ ನಾಲ್ಕಾರು ಮೇಳಗಳು ಒಂದು ಕಡೆ ಸೇರಿ ಸವಾಲು ಜವಾಬು ನಡೆಸಲಿ. ಶೋಕದ ಪದಗಳನ್ನು ಎಲ್ಲ ಕಾಲಕ್ಕೂ ಹಾಡಲಾಗದು, ನಿಜ. ಆದ್ದರಿಂದ ವರ್ಷದ ಉಳಿದ ದಿನಗಳಿಗೆ ತತ್ವಪದಗಳನ್ನು ಕಲಿಯಲಿ. ಉರುಸು, ಜಾತ್ರೆಗಳಲ್ಲಿ ಅವನ್ನು ಹಾಡಿದರೆ ಗಂಟಲು ತುಕ್ಕು ಹಿಡಿಯದು, ಚಹಾದ ಖರ್ಚಿಗಾದರೂ ನಾಲ್ಕು ಕಾಸು ಹುಟ್ಟುತ್ತದೆ. ಸರ್ಕಾರದ ಉತ್ಸವಗಳ ಮೆರವಣಿಗೆಗೆ ಕರೆ ಬಂದರೆ ಹೋಗಲಿ, ಬೇಡವೆನ್ನಲಾರೆ. ಆದರೆ ಮೆರವಣಿಗೆಯಲ್ಲಿ ಸಿಗುವ ಹತ್ತು ನಿಮಿಷಕ್ಕೆ ತಕ್ಕಂತೆ ಪದವನ್ನು ಕತ್ತರಿಸಿಕೊಂಡು ಅದನ್ನೇ ಊರಿಗೆ ತರುವುದು ಬೇಡ. ಜಾನಪದ ಅಕಾಡೆಮಿಯಂಥ ಸಂಸ್ಥೆಗಳು ವೇಷಭೂಷಣಕ್ಕೆ ಹಣ ಕೊಡುವುದಕ್ಕಿಂತ, ಹುಡುಗರಿಗೆ ಕಲಿಸುವ ಹಿರಿಯರೊಬ್ಬರಿಗೆ ವರ್ಷದ ಗೌರವಧನ ಕೊಟ್ಟರೆ ಹೆಚ್ಚು ಉಪಕಾರ.

ಕೊನೆಯದಾಗಿ ನಮ್ಮವರೊಳಗಿನ ಒಂದು ಮಾತು. ಮೊಹರಂನಲ್ಲಿ ಹಾಡು ಕುಣಿತ ಸಲ್ಲದು, ಅದು ದೀನಿನ ಭಾಗವಲ್ಲ ಎನ್ನುವ ಹಿರಿಯರು ನಮ್ಮ ಜಮಾತುಗಳಲ್ಲಿದ್ದಾರೆ. ಅವರ ಕಳಕಳಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಫತ್ವಾ ಹೇಳುವ ಅರ್ಹತೆಯೂ ನನಗಿಲ್ಲ, ನಾನು ಕಥೆ ಬರೆಯುವವನು. ಆದರೆ ಒಂದನ್ನು ಕೇಳಬಹುದು. ಮೇಳ ಹತ್ತು ದಿನದ ಗದ್ದಲವಾದಷ್ಟೂ ಅವರ ಆಕ್ಷೇಪಕ್ಕೆ ಬಲ ಬರುತ್ತದೆ. ಅದೇ ಮೇಳ ತಾಲೀಮು ಮಾಡಿ, ಅರ್ಥ ತಿಳಿದು, ಹುಸೇನರ ತ್ಯಾಗವನ್ನು ನೆಟ್ಟಗೆ ಹೇಳಿದರೆ, ಹಳ್ಳಿಯ ಹಿಂದೂ ನೆರೆಯವನಿಗೆ ಪೈಗಂಬರರ ಮನೆತನದ ಕಥೆಯನ್ನು ಅವನದೇ ಭಾಷೆಯಲ್ಲಿ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಜನರ ನಡುವೆ ಗೋಡೆ ಎಬ್ಬಿಸುವ ಕೆಲಸ ಸಲೀಸಾಗಿರುವ ಈ ದಿನಗಳಲ್ಲಿ, ಕುರುಬರ ಮಾಮ ಸಾಬರ ಹುಡುಗನಿಗೆ ಕರ್ಬಲಾ ಕಲಿಸಿದ ಜಾಗವನ್ನು ನಾವೇ ಖಾಲಿ ಬಿಡಬಾರದು.

ಮೊನ್ನೆ ಆ ಮೇಳದ ಮುಂದಾಳು ಸಂತೆಯಲ್ಲಿ ಸಿಕ್ಕಿದ್ದ. ನೋಟುಬುಕ್ಕು ಸಿಕ್ಕಿತೇ ಎಂದು ಕೇಳಿದೆ. ‘ಸಿಕ್ಕೈತಿ ಮಾಸ್ತರ, ನಡುವಿನ ಎರಡು ಹಾಳಿ ಇಲ್ಲ’ ಎಂದ. ಆ ಎರಡು ಹಾಳೆಗಳಲ್ಲೇ ಹೊಳೆ ಇರುವುದು. ಪಕ್ಕದೂರಿನ ಮುದುಕರೊಬ್ಬರಿಗೆ ಆ ನುಡಿಗಳು ಬರುತ್ತವಂತೆ. ‘ಚಾಂದ್ ಕಂಡಮ್ಯಾಲೆ ಹೋಗಿ ಕೇಳಿದ್ರಾತು’ ಎಂದ. ನಾನು ಅವನ ಕೈ ಹಿಡಿದು ಹೇಳಿದೆ: ಬ್ಯಾಡಪ್ಪ, ಈ ಭಾನುವಾರವೇ ಹೋಗೋಣ. ಆ ತಾತನ ವಯಸ್ಸು ಚಾಂದ್ ನೋಡಿಕೊಂಡು ಕಾಯೋದಿಲ್ಲ.